ಲಿಫ್ಟಣ್ಣನ ರೈಲು

“ಅಕ್ಕಾ, ಲಿಫ್ಟ್ ಅಂದ್ರೆ ಒಂದು ಪೆಟ್ಟಿಗೆ, ಒಳಗೆ ನಿಂತ್ಕೊಂಡ್ರೆ ಮೇಲೆ ಹೋಗತ್ತೆ ಅಂತ ನೀನು ಅಂದ್ಕೊಂಡಿದೀಯ. ನೀನೇನು, ಎಲ್ರೂ ಹಾಗೇ ಅಂದ್ಕೊಂಡಿರೋದು. ಹೊರಟಿದ್ದು ಗೊತ್ತಾಗಬಾರ್ದು, ನಿಂತಿದ್ದೂ ಗೊತ್ತಾಗಬಾರ್ದು, ಅದು ಲಿಫ್ಟು. ನಮ್ಮ ಹಳೇ ಲಿಫ್ಟಲ್ಲಿ ಒಂದೇ ಒಂದು ಹಿತ್ತಾಳೆ ಹಿಡಿ. ಆ ಕಡೆ ತಳ್ಳಿದ್ರೆ ಮೇಲೆ, ಈ ಕಡೆ ಎಳೆದ್ರೆ ಕೆಳಗೆ. ಮಹಡಿ ಇನ್ನೊಂದು ಗೇಣು ಇದೆ ಅನ್ನೋವಾಗ ಹಿಡಿ ಬಿಡ್ಬೇಕು. ಬೇಗ ಬಿಟ್ರೆ ಹೆಂಗಸರು ಎಡವ್ತಾರೆ, ತಡವಾಗಿ ಬಿಟ್ರೆ ಗಂಡಸರು ಬೈತಾರೆ. ಒಂದ್ಸಲ ಒಬ್ರು ವಯಸ್ಸಾದ ಮೇಷ್ಟ್ರು, ಕೈಯಲ್ಲಿ ತುಂಬಿದ ಕಾಫಿ ಲೋಟ, ನಾಲ್ಕನೇ ಮಹಡಿಯಿಂದ ಕೆಳಗೆ ಕರ್ಕೊಂಡು ಬಂದೆ. ಒಂದು ತೊಟ್ಟು ಚೆಲ್ಲಲಿಲ್ಲ. ‘ಏನಪ್ಪಾ, ಯಾವಾಗ ಹೊರಡೋದು’ ಅಂದ್ರು. ನಾನು ಬಾಗಿಲು ತೆಗೆದು ಬೀದಿ ತೋರಿಸ್ದೆ, ಅಷ್ಟೇ. ಈಗ ಈ ರೈಲೂ ಅದೇ ವಿದ್ಯೆ. ನೀವು ಇದನ್ನ ಆಟದ ಸಾಮಾನು ಅಂತೀರ. ಗಾಡಿ ಹೊರಡೋವಾಗ ಒಳಗೆ ಕೂತಿರೋ ಈ ಪ್ಲಾಸ್ಟಿಕ್ ಮನುಷ್ಯನ ಟೋಪಿ ಅಲ್ಲಾಡಬಾರ್ದು. ಅಲ್ಲಾಡಿದ್ರೆ ನಾನು ಅದನ್ನ ರೈಲು ಅಂತ ಕರೆಯೋದೇ ಇಲ್ಲ. ಸ್ವಲ್ಪ ಆ ಪೊರಕೆ ಈ ಕಡೆ ತಳ್ಳು, ಎಂಜಿನ್ನು ಮಂಚದ ಕೆಳಗೆ ಸಿಕ್ಕಾಕೊಂಡಿದೆ.”

ಮಂಚದ ಕೆಳಗಿನಿಂದ ಬಂದ ಈ ಉಪನ್ಯಾಸ ನನ್ನ ತಮ್ಮನದು. ಆಗ ಹೊರಗೆ ಕಾಣುತ್ತಿದ್ದುದು ಅವನ ಎರಡು ಪಾದ ಮಾತ್ರ. ಪಾದಗಳೂ ಬಹಳ ಆತ್ಮವಿಶ್ವಾಸದಿಂದ ಇದ್ದವು.

ಅವನನ್ನು ಬೀದಿಯಲ್ಲಿ ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುವುದು. ಪೇಟೆಯ ದೊಡ್ಡ ಅಂಗಡಿಯಲ್ಲಿ, ಮೊದಲು ಬಟ್ಟೆ ಮಾತ್ರ ಮಾರುತ್ತಿದ್ದು ಈಗ ಪಾತ್ರೆ, ಚಪ್ಪಲಿ, ಆಟಿಕೆ ಎಲ್ಲವನ್ನೂ ಮಾರುವ ನಾಲ್ಕು ಮಹಡಿಯ ಅಂಗಡಿಯಲ್ಲಿ, ಮೂವತ್ತು ವರ್ಷ ಲಿಫ್ಟಿನ ಸ್ಟೂಲಿನ ಮೇಲೆ ಕೂತವನು. ಅಷ್ಟು ವರ್ಷ ಬಿಡುವಿಲ್ಲದೆ ಪ್ರಯಾಣ ಮಾಡಿದ ಮನುಷ್ಯ ನಮ್ಮ ವಂಶದಲ್ಲಿ ಇನ್ನೊಬ್ಬನಿಲ್ಲ. ಬೆಳಿಗ್ಗೆ ನೆಲಮಹಡಿಯಿಂದ ಹೊರಟು ಸಂಜೆ ನೆಲಮಹಡಿಗೇ ಬಂದು ಇಳಿಯುತ್ತಿದ್ದ.

ಕೆಲಸ ಮನುಷ್ಯನ ಮೈಗೆ ಅಂಟಿಕೊಳ್ಳುತ್ತದೆ ಎನ್ನುತ್ತಾರಲ್ಲ, ಇವನಿಗೆ ಅಂಟಿಕೊಂಡಿರಲಿಲ್ಲ, ಒಳಗೇ ಇಳಿದುಬಿಟ್ಟಿತ್ತು. ಮನೆಯಲ್ಲೂ ಅವನು ಬಾಗಿಲ ಪಕ್ಕವೇ ನಿಲ್ಲುವುದು. ನೆಂಟರು ಬಂದರೆ, “ಬನ್ನಿ ಬನ್ನಿ, ಸ್ವಲ್ಪ ಹಿಂದೆ ಸರೀರಿ, ಇನ್ನಿಬ್ಬರಿಗೆ ಜಾಗ ಇದೆ,” ಎನ್ನುತ್ತಾನೆ. ನಮ್ಮ ನಡುಮನೆಯಲ್ಲಿ ಇನ್ನಿಬ್ಬರಿಗೆ ಜಾಗ ಯಾವತ್ತೂ ಇದ್ದಿದ್ದಿಲ್ಲ. ಬಂದವರನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ ತೂಕ ಅಂದಾಜು ಮಾಡುವ ಚಾಳಿ ಬೇರೆ. ಹೆಂಡತಿಯ ದೊಡ್ಡಮ್ಮ ಬಂದಾಗ ಆಕೆಯನ್ನು ಹಾಗೆ ನೋಡಿ, “ಇವರು ಹತ್ತಿದ್ರೆ ಒಬ್ರು ಇಳೀಬೇಕು,” ಎಂದುಬಿಟ್ಟಿದ್ದ. ಆಕೆ ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಅವನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಎಂದು ಅವನ ಹೆಂಡತಿ ಈಗಲೂ ನೆನೆಸಿಕೊಳ್ಳುತ್ತಾಳೆ.

ಅವನ ಹೆಂಡತಿ ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿದುಕೊಡುತ್ತಾಳೆ. ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ನಮ್ಮ ಮನೆ: ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ. ಕೋಣೆ ನನ್ನದು, ನಡುಮನೆ ಹೊಲಿಗೆ ಯಂತ್ರದ್ದು, ಮಿಕ್ಕ ಜಾಗ ಗಂಡಹೆಂಡಿರದು. ಅವರಿಬ್ಬರ ನಡುವೆ ಇಷ್ಟು ವರ್ಷ ಒಂದು ದೊಡ್ಡ ಜಗಳವೂ ಆಗಿರಲಿಲ್ಲ. ನೋಡಿದವರು ಹೊಂದಾಣಿಕೆ ಎಂದರೆ ಇದು ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವನು ಲಿಫ್ಟಿನಲ್ಲಿ ಇರುತ್ತಿದ್ದ, ಅವಳು ಮನೆಯಲ್ಲಿ ಇರುತ್ತಿದ್ದಳು. ಹೀಗಿದ್ದರೆ ಯಾರಿಗೂ ಹೊಂದಾಣಿಕೆ ಆಗುತ್ತದೆ.

ಕಷ್ಟ ಶುರುವಾದದ್ದು ಅಂಗಡಿಗೆ ಹೊಸ ಲಿಫ್ಟು ಬಂದಾಗ. ಉಕ್ಕಿನ ಗೋಡೆ, ಒಳಗೆ ದೊಡ್ಡ ಕನ್ನಡಿ, ಹಿಡಿ ಇಲ್ಲ, ಬರೀ ಗುಂಡಿ. ಒತ್ತಿದರೆ ಒಬ್ಬಳು ಹೆಂಗಸು ಎಲ್ಲಿಂದಲೋ ಮಾತಾಡುತ್ತಾಳೆ: ಎರಡನೇ ಮಹಡಿ, ಬಾಗಿಲು ತೆರೆಯುತ್ತಿದೆ. ಮೂವತ್ತು ವರ್ಷ ಇವನು ಹೇಳಿದ್ದನ್ನೇ ಅವಳೂ ಹೇಳುವುದು. ಅವಳಿಗೆ ಶೀತ ಆಗುವುದಿಲ್ಲ, ಊಟಕ್ಕೆ ಹೋಗುವುದಿಲ್ಲ, ಗಿರಾಕಿಯ ತೂಕದ ಬಗ್ಗೆ ಮಾತೂ ಆಡುವುದಿಲ್ಲ.

“ಜನಕ್ಕೆ ಅಭ್ಯಾಸ ಆಗೋವರೆಗೆ ಒಳಗೇ ಇರಿ,” ಎಂದರಂತೆ ಅಂಗಡಿಯ ಯಜಮಾನರು.

ಜನಕ್ಕೆ ಮಧ್ಯಾಹ್ನದ ಹೊತ್ತಿಗೇ ಅಭ್ಯಾಸವಾಯಿತು. ಇವನು ಗುಂಡಿ ಒತ್ತಲು ಕೈ ಚಾಚುವ ಮೊದಲೇ ಯಾರೋ ಒತ್ತಿರುತ್ತಿದ್ದರು. ಒಬ್ಬ ಹೆಂಗಸು ಇವನಿಗೇ, “ಯಾವ ಮಹಡಿ ಅಂಕಲ್?” ಎಂದು ಕೇಳಿದಳಂತೆ. ಅವತ್ತು ಸಂಜೆ ಇವನು ಸ್ಟೂಲನ್ನು ಹೊರಗೆ ತಂದು ಮೂರನೇ ಮಹಡಿಯಲ್ಲಿ, ಆಟಿಕೆ ವಿಭಾಗದ ಪಕ್ಕ ಹಾಕಿಕೊಂಡ. ಲಿಫ್ಟು ಎದುರಿಗೇ ಇತ್ತು. ಬಾಗಿಲು ತೆರೆದುಕೊಳ್ಳುವುದನ್ನೂ ಮುಚ್ಚಿಕೊಳ್ಳುವುದನ್ನೂ ನೋಡುತ್ತ ಕೂತಿರುತ್ತಿದ್ದ. ಸವತಿಯ ಮನೆ ಬಾಗಿಲು ಕಾದಂತೆ.

ಆಟಿಕೆ ವಿಭಾಗದಲ್ಲಿ ಒಬ್ಬಳು ಹುಡುಗಿ ಇದ್ದಳು. ಬಾಯಿ ಚುರುಕು, ಮನಸ್ಸು ಒಳ್ಳೆಯದು. ಅವಳ ಕೌಂಟರಿನ ಕೆಳಗೆ ಪೆಟ್ಟಿಗೆ ಹರಿದು ಮಾರಾಟವಾಗದೆ ಉಳಿದ ರೈಲುಗಳಿದ್ದವು. ಒಂದಕ್ಕೊಂದು ಕಚ್ಚಿಕೊಳ್ಳುವ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟುವ ಎಂಜಿನ್ನು, ಬೋಗಿ, ಸ್ಟೇಷನ್ನು, ಹಳಿ, ಬೆರಳುದ್ದದ ಪ್ರಯಾಣಿಕರು. ಎಲ್ಲ ಕಲಸಿಹೋಗಿತ್ತು.

“ಲಿಫ್ಟಣ್ಣ, ಸುಮ್ನೆ ಕೂತು ಆ ಲಿಫ್ಟನ್ನ ಗುರಾಯಿಸ್ತಾ ಇದ್ರೆ ಅದು ಕೆಟ್ಟುಹೋಗಲ್ಲ. ಇದನ್ನ ಆದ್ರೂ ಬೇರೆಬೇರೆ ಮಾಡಿಕೊಡಿ,” ಎಂದು ಅವಳು ಒಂದು ಚೀಲ ಅವನ ಮಡಿಲಿಗೆ ಸುರಿದಳು.

ಪುಣ್ಯಾತ್ಗಿತ್ತಿ. ಅವಳು ಸುರಿದದ್ದು ಅವನ ಮಡಿಲಿಗಾದರೂ ಬಂದು ಬಿದ್ದದ್ದು ನಮ್ಮ ಮನೆಗೆ.

ಮೊದಲು ಒಂದು ಎಂಜಿನ್ನು ಬಂತು. ಆಮೇಲೆ ಬೋಗಿ. ಆಮೇಲೆ ಹಳಿ. ನಡುಮನೆಯ ನೆಲದ ಮೇಲೆ ಪರದೆ ಬಟ್ಟೆ ಹರಡಿರುತ್ತಿತ್ತು, ಅದರ ಮೇಲೆ ಹಳಿ ಹಾಯುತ್ತಿತ್ತು.

“ರೀ, ಬಟ್ಟೆ ಮೇಲೆ ಹಳಿ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?”

“ಒಂದು ನಿಮಿಷ ಕಣೇ. ಗಾಡಿ ದಾಟಿಹೋಗ್ಲಿ.”

“ದಾಟಿ ಎಲ್ಲಿಗೆ ಹೋಗತ್ತೆ? ಗೋಡೆಗೆ ತಾನೆ?”

“ಗೋಡೆ ಅಲ್ಲ ಅದು. ಕೊನೇ ಸ್ಟೇಷನ್ನು.”

“ಹಾಗಾದ್ರೆ ಅಲ್ಲೇ ಇಳ್ಕೊಳ್ಳಿ ನೀವೂ.”

ಇಷ್ಟು ದಿನ ಕೈಯಿಂದ ತಳ್ಳುತ್ತಿದ್ದ ಗಾಡಿಗೆ ಮೋಟಾರು ಬಂದ ಮೇಲೆ ಪರಿಸ್ಥಿತಿ ಇನ್ನೂ ಸುಧಾರಿಸಿತು, ಅಂದರೆ ಹದಗೆಟ್ಟಿತು. ಮೋಟಾರು ಎಂದರೆ ನಾಲ್ಕು ಚಕ್ರದ ಒಂದು ಕಪ್ಪು ಡಬ್ಬಿ. ಅದರ ಮೇಲೆ ಎಂಜಿನ್ನು ಕಟ್ಟಬೇಕು, ಒಳಗೆ ಬ್ಯಾಟರಿ ಪೆಟ್ಟಿಗೆ ಕೂರಿಸಬೇಕು. ಮೊದಲ ದಿನ ಬ್ಯಾಟರಿಯನ್ನು ಹಿಂದಿನ ಬೋಗಿಯಲ್ಲಿ ಇಟ್ಟ. ಎಂಜಿನ್ನಿನ ಚಕ್ರ ಗಿರಗಿರ ತಿರುಗಿತು, ಗಾಡಿ ಇದ್ದಲ್ಲೇ ಇತ್ತು. ನಾನು ನೋಡಿ, ಪರವಾಗಿಲ್ಲ, ಅವನ ಜಾತಕಕ್ಕೆ ಸರಿಯಾಗೇ ಇದೆ ಅಂದುಕೊಂಡೆ. ಚಕ್ರಕ್ಕೆ ಹಿಡಿತ ಬರಬೇಕಾದರೆ ಭಾರ ಅದರ ಮೇಲೇ ಕೂರಬೇಕು ಎಂದು ಅವನಿಗೆ ಹೊಳೆಯಲು ಒಂದು ವಾರ ಬೇಕಾಯಿತು. ಜೀವಮಾನವಿಡೀ ಜನರ ಭಾರ ಲೆಕ್ಕ ಹಾಕಿದವನಿಗೆ. ಬ್ಯಾಟರಿಯನ್ನು ಮೋಟಾರಿನ ಮೇಲೆ ಕೂರಿಸಿದ, ಚಕ್ರಕ್ಕೆ ರಬ್ಬರಿನ ಚಿಕ್ಕ ಬಳೆ ತೊಡಿಸಿದ. ಗಾಡಿ ಹೊರಟಿತು. ಹೊರಟ ಗಾಡಿ ಹೊಲಿಗೆ ಯಂತ್ರದ ಕೆಳಗೆ ಬಿದ್ದಿದ್ದ ದಾರವನ್ನೆಲ್ಲ ಸುತ್ತಿಕೊಂಡು, ಕೊನೇ ಸ್ಟೇಷನ್ನಿಗೆ ಹೋಗುವ ಹೊತ್ತಿಗೆ ಉಂಡೆಯಾಗಿತ್ತು. ಅವನು ಚಿಮಟ ಹಿಡಿದು ಚಕ್ರದ ದಾರ ಬಿಡಿಸುತ್ತ ಕೂತರೆ, ಅವಳು ಹೊಲಿಗೆಗೆ ದಾರ ಹುಡುಕುತ್ತ ಕೂರುವಳು.

ಹೀಗಿರುವಾಗ ಯಜಮಾನರು ಮೂರನೇ ಮಹಡಿಗೆ ಬಂದರು. ಸ್ಟೂಲಿನ ಮುಂದೆ ನಿಂತರು. ಲಿಫ್ಟಿನಲ್ಲಿ ಲಿಫ್ಟಿನವನ ಅಗತ್ಯವಿಲ್ಲ ಎಂಬುದನ್ನು ಎಷ್ಟು ಮರ್ಯಾದೆಯಿಂದ ಹೇಳಬಹುದೋ ಅಷ್ಟು ಮರ್ಯಾದೆಯಿಂದ ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಆಟಿಕೆಯ ಹುಡುಗಿ ನಡುವೆ ಬಾಯಿ ಹಾಕಿದಳು.

“ಸಾರ್, ಕೆಳಗೆ ಬೀದಿ ಕಡೆ ಗಾಜಿನ ಕಪಾಟು ದಂಡಕ್ಕೆ ಬಿದ್ದಿದೆಯಲ್ಲ. ಕೈ ಮುರಿದ ಗೊಂಬೆಗೆ ಸೀರೆ ಉಡಿಸಿ ನಿಲ್ಲಿಸಿದೀವಿ, ನಾಯಿ ಕೂಡ ನೋಡಲ್ಲ. ಲಿಫ್ಟಣ್ಣ ರೈಲು ಓಡಿಸ್ತಾರೆ ಸಾರ್. ಮೋಟಾರ್ ಹಾಕಿ.”

ಯಜಮಾನರು ಸ್ವಲ್ಪ ಹೊತ್ತು ಯೋಚಿಸಿದರು. ಅವರು ಕೆಟ್ಟವರಲ್ಲ, ಆದರೆ ಒಳ್ಳೆಯತನವನ್ನು ಬಟ್ಟೆಯ ಹಾಗೆ ಅಳೆದು ಕೊಡುವವರು.

“ಸರಿ. ಈ ವಾರ ಕಟ್ಟಿ, ಸೋಮವಾರ ಓಡಿಸಿ. ಗಾಜಿನ ಮುಂದೆ ಜನ ನಿಂತ್ರೆ ನೀವೂ ನಿಲ್ಲಿ. ಜನ ಹಾಗೇ ನಡ್ಕೊಂಡು ಹೋದ್ರೆ...” ಎಂದು ಮುಂದಿನದನ್ನು ಹೇಳದೆ ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚುತ್ತಿದೆ ಎಂದಳಂತೆ ಆ ಹೆಂಗಸು. ಮಿಕ್ಕ ಮಾತು ಅವಳೇ ಹೇಳಿದಳು ಅಂತಾಯಿತು.

ಅವತ್ತು ಸಂಜೆ ಮನೆಗೆ ಬಂದವನು ಉಪನ್ಯಾಸ ಮಾಡಲಿಲ್ಲ. ತಟ್ಟೆಯಲ್ಲಿ ಹಾಕಿದ್ದನ್ನು ತಿಂದ. ಆಮೇಲೆ ಬಾಗಿಲ ಪಕ್ಕ ನಿಂತು, “ಅಕ್ಕಾ, ಕೆಲಸ ಹೋದ್ರೆ ನಾನು ಹಗಲು ಹೊತ್ತು ಎಲ್ಲಿ ನಿಲ್ಲೋದು?” ಎಂದ.

ನಾನು ನಡುಮನೆಯನ್ನು ಒಮ್ಮೆ ನೋಡಿದೆ. ಹೊಲಿಗೆ ಯಂತ್ರ, ಬಟ್ಟೆಯ ರಾಶಿ, ಅದರ ನಡುವೆ ಅವನ ಹೆಂಡತಿ. ಅವಳೂ ಅದನ್ನೇ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ, ಯಂತ್ರ ತುಳಿಯುವುದನ್ನು ನಿಲ್ಲಿಸಿದ್ದಳು. ಮಾರನೆಯ ದಿನ ಬಟ್ಟೆಯನ್ನೆಲ್ಲ ಮಡಿಸಿ ನನ್ನ ಕೋಣೆಗೆ ತಂದು ಹಾಕಿ, “ನೆಲ ಪೂರ್ತಿ ನಿಮ್ಮದೇ. ಕಟ್ಟಿ,” ಎಂದಳು. ಪ್ರೀತಿ ಎಂದರೆ ಇದೇ ಇರಬೇಕು. ಭಯವೂ ನೋಡಲು ಹೀಗೇ ಇರುತ್ತದೆ.

ಗಾಜಿನ ಕಪಾಟು ಉದ್ದ, ಆದ್ದರಿಂದ ಗಾಡಿಯೂ ಉದ್ದ ಇರಬೇಕು ಎಂದು ಅವನ ತೀರ್ಮಾನ. ಉದ್ದದ ಗಾಡಿಯನ್ನು ಒಂದು ಎಂಜಿನ್ನು ಎಳೆಯುವುದಿಲ್ಲ. ಹುಡುಗಿ ಇನ್ನೊಂದು ಮೋಟಾರು ಕೊಟ್ಟಳು. ಹಾಗಾಗಿ ಎರಡು ಎಂಜಿನ್ನು ಕಟ್ಟಿದ, ಮುಂದೊಂದು, ಹಿಂದೊಂದು, ನಡುವೆ ಬೋಗಿಗಳು. ಬೋಗಿಗೂ ಬೋಗಿಗೂ ನಡುವೆ ಅಯಸ್ಕಾಂತ, ಹತ್ತಿರ ತಂದರೆ ಟಕ್ಕೆಂದು ಅಂಟಿಕೊಳ್ಳುತ್ತದೆ. ಮೂಗು, ದೀಪ, ಕಿಟಕಿ ಎಲ್ಲ ಇರುವ ಎರಡು ಚೆಂದದ ಎಂಜಿನ್ನು, ಎರಡರ ಮುಖವೂ ಆಚೆಗೆ.

ಅವನ ಹೆಂಡತಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಇದೇನ್ರೀ ಇದು, ಜಗಳ ಆಡಿ ಮಲಗಿದ ಗಂಡಹೆಂಡ್ತಿ ಥರ ಇದೆ. ಒಂದರ ಮುಖ ಆ ಕಡೆ, ಒಂದರ ಮುಖ ಈ ಕಡೆ.”

“ಗಿರಾಕಿಗಳಿಗೆ ಎಂಜಿನ್ನಿನ ಹಿಂಭಾಗ ತೋರಿಸಕ್ಕಾಗತ್ತೇನೇ? ಮೂವತ್ತು ವರ್ಷ ನಾನು ಯಾರಿಗೂ ಬೆನ್ನು ತೋರಿಸಿ ನಿಂತವನಲ್ಲ.”

“ಅದು ಸರಿ. ಓಡೋವಾಗ ಎರಡೂ ಒಂದೇ ಕಡೆ ಓಡತ್ತಾ?”

“ಮೋಟಾರು ಎರಡೂ ಒಂದೇ ಥರದ್ದು. ಒಂದೇ ಅಂಗಡಿದು. ಇನ್ನೆಲ್ಲಿಗೆ ಓಡತ್ತೆ?”

ಇದಕ್ಕೆ ಉತ್ತರ ಕೊಡುವಷ್ಟು ರೈಲಿನ ಜ್ಞಾನ ನಮ್ಮಿಬ್ಬರಿಗೂ ಇರಲಿಲ್ಲ. ಮೋಟಾರಿನ ಜೊತೆ ಬಂದ ರಿಮೋಟಿನಲ್ಲಿ ಎರಡು ಹಿಡಿ, ಒಂದೊಂದು ಎಂಜಿನ್ನಿಗೆ ಒಂದೊಂದು. ಅವನು ಎರಡು ಎಂಜಿನ್ನನ್ನೂ ಪರೀಕ್ಷೆ ಮಾಡಿದ, ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಂದಾದ ಮೇಲೆ ಒಂದು ಮಾಡಿದ. ನಮ್ಮ ನೆಲದಲ್ಲಿ ಹಳಿ ಗೋಡೆಯಿಂದ ಗೋಡೆಗೆ, ಗಾಡಿ ಪೂರ್ತಿ ಜೋಡಿಸಿದರೆ ಅದೇ ಗೋಡೆಯಿಂದ ಗೋಡೆಗೆ ಆಗುತ್ತಿತ್ತು. ಹಾಗಾಗಿ ಒಂದನ್ನು ಓಡಿಸಿದ, ಮುಖ ಮುಂದೆ ಮಾಡಿಕೊಂಡು ಜೋರಾಗಿ ಓಡಿತು. ಎತ್ತಿಟ್ಟು ಇನ್ನೊಂದನ್ನು ಓಡಿಸಿದ, ಅದೂ ಮುಖ ಮುಂದೆ ಮಾಡಿಕೊಂಡು ಓಡಿತು. ಒಂದೇ ಹಿಡಿಯ ಲಿಫ್ಟಿನಲ್ಲಿ ಬದುಕು ಕಳೆದವನು. ಆ ಹಿಡಿಯನ್ನು ತಳ್ಳಿದರೆ ಒಳಗಿರುವವರೆಲ್ಲ ಮೇಲೆ. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಎಂಬುದು ಅವನ ಪ್ರಪಂಚದಲ್ಲೇ ಇರಲಿಲ್ಲ. ತೃಪ್ತಿಯಿಂದ ಎರಡನ್ನೂ ಹಳೆಯ ಪರದೆಯಲ್ಲಿ ಸುತ್ತಿ, ಹಸುಗೂಸನ್ನು ಒಯ್ಯುವಂತೆ ಅಂಗಡಿಗೆ ಒಯ್ದ.

ಸೋಮವಾರ ಬೆಳಿಗ್ಗೆ ನಾನೂ ಅವನ ಹೆಂಡತಿಯೂ ಹೋದೆವು. ನಿಜ ಹೇಳಬೇಕೆಂದರೆ ಕಪಾಟು ಚೆನ್ನಾಗಿತ್ತು. ಹಸಿರು ಬಟ್ಟೆ ಹಾಸಿ, ಮೊಟ್ಟೆಯಾಕಾರದಲ್ಲಿ ಹಳಿ ಹಾಕಿ, ಒಂದು ಕಡೆ ಸ್ಟೇಷನ್ನು, ಇನ್ನೊಂದು ಕಡೆ ಗುಡ್ಡ. ಪ್ರತಿಯೊಂದು ಬೋಗಿಯಲ್ಲೂ ಪ್ರಯಾಣಿಕರು. ಹೆಂಗಸರಿಗೆ ಕಿಟಕಿ ಪಕ್ಕ ಜಾಗ ಕೊಟ್ಟಿದ್ದ. ಕೈಯಲ್ಲಿ ಪೆಟ್ಟಿಗೆ ಹಿಡಿದ ಒಬ್ಬ ಪ್ಲಾಸ್ಟಿಕ್ ಮುದುಕನನ್ನು ಬಾಗಿಲ ಹತ್ತಿರ ಕೂರಿಸಿದ್ದ, ಇಳಿಯುವಾಗ ಅನುಕೂಲ ಆಗಲೆಂದು.

ಯಜಮಾನರು ಬೀದಿಯಲ್ಲಿ, ಗಾಜಿನ ಈಚೆ, ಕೈ ಕಟ್ಟಿ ನಿಂತರು. ನಾವು ಅವರ ಹಿಂದೆ. ಜನ ಅವರ ಪಾಡಿಗೆ ಅವರು ಹೋಗುತ್ತಿದ್ದರು. ಒಬ್ಬಳು ತಾಯಿ ಮಾತ್ರ, ಮಗು ಗಾಜಿಗೆ ಮೂಗು ಒತ್ತಿಕೊಂಡು ಬಿಡದೆ ನಿಂತಿದ್ದರಿಂದ, ಬೇರೆ ದಾರಿಯಿಲ್ಲದೆ ನಿಂತಿದ್ದಳು. ಒಳಗೆ ನನ್ನ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಿಮೋಟನ್ನು ಎದೆಯ ಮಟ್ಟಕ್ಕೆ ಹಿಡಿದು, ಎರಡು ಹೆಬ್ಬೆರಳಿಂದ ಎರಡು ಹಿಡಿಯನ್ನೂ ಬಹಳ ನಯವಾಗಿ, ಕಾಫಿ ಚೆಲ್ಲದ ಹಾಗೆ, ಮುಂದಕ್ಕೆ ತಳ್ಳಿದ.

ಗಾಡಿ ಒಮ್ಮೆ ನಡುಗಿತು. ಯಾರೋ ಎರಡೂ ಕಡೆ ಹಿಡಿದು ಎಳೆದ ಹಾಗೆ ಸೆಟೆದುಕೊಂಡಿತು. ನಡುವಿನ ಅಯಸ್ಕಾಂತ ಸ್ವಲ್ಪ ಹೊತ್ತು ಸಂಸಾರ ಉಳಿಸಲು ನೋಡಿತು, ಆಮೇಲೆ ಕೈಬಿಟ್ಟಿತು. ಗಾಡಿ ಎರಡಾಗಿ, ಅರ್ಧ ಬಲಕ್ಕೆ ಹೊರಟಿತು, ಅರ್ಧ ಎಡಕ್ಕೆ ಹೊರಟಿತು. ಎರಡೂ ಬಹಳ ಗಾಂಭೀರ್ಯದಿಂದ ಹೊರಟವು. ಒಬ್ಬ ಪ್ರಯಾಣಿಕನ ಟೋಪಿಯೂ ಅಲ್ಲಾಡಲಿಲ್ಲ. ನನ್ನ ತಮ್ಮ ಬಲಕ್ಕೊಮ್ಮೆ ನೋಡಿದ, ಎಡಕ್ಕೊಮ್ಮೆ ನೋಡಿದ. ಏನಾಗಿದೆ ಎಂದು ತಿಳಿಯದಿದ್ದಾಗ ಅವನು ಜೀವನದಲ್ಲಿ ಯಾವಾಗಲೂ ಮಾಡುತ್ತಿದ್ದುದನ್ನೇ ಮಾಡಿದ. ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮೊಟ್ಟೆಯಾಕಾರದ ಹಳಿಯಲ್ಲಿ ಬೇರೆ ಬೇರೆ ಕಡೆ ಹೊರಟವರು ಎಲ್ಲಿ ಸೇರುತ್ತಾರೆ ಎಂದು ಹೇಳಲು ಓದು ಬೇಕಾಗಿಲ್ಲ. ಗುಡ್ಡದ ಹತ್ತಿರ ಎರಡು ಎಂಜಿನ್ನೂ ಮುಖಕ್ಕೆ ಮುಖ ಕೊಟ್ಟು ಗುದ್ದಿಕೊಂಡವು. ಇಟ್ಟಿಗೆ ಚೆಲ್ಲಾಪಿಲ್ಲಿ ಹಾರಿ ಗಾಜಿಗೆ ಟಪಟಪ ಬಡಿದವು. ಒಂದು ಬೋಗಿ ಗುಡ್ಡ ಹತ್ತಿ ಮಲಗಿತು. ಪೆಟ್ಟಿಗೆ ಹಿಡಿದ ಮುದುಕ ಹಾರಿ ಹೋಗಿ ಸ್ಟೇಷನ್ನಿನ ಸೂರಿನ ಮೇಲೆ ಕೂತ.

ಬೀದಿಯಲ್ಲಿ ಆ ಮಗು ಕೇಕೆ ಹಾಕಿತು. ತಾಯಿ ನಕ್ಕಳು. ಸೈಕಲ್ಲಿನವನೊಬ್ಬ ಕಾಲು ಊರಿ ನಿಂತ. “ಏನಾಯ್ತು, ಏನಾಯ್ತು,” ಎಂದು ನಾಲ್ಕು ಜನ ಬಂದರು, ಅವರು ಏನು ನೋಡುತ್ತಿದ್ದಾರೆಂದು ನೋಡಲು ಇನ್ನೂ ಹತ್ತು ಜನ ಬಂದರು. ಒಬ್ಬ ನನ್ನ ಭುಜ ತಟ್ಟಿ, “ಅಜ್ಜಿ, ಸ್ವಲ್ಪ ಸರೀರಿ, ಕಾಣ್ತಿಲ್ಲ,” ಎಂದ.

ಒಳಗೆ ನನ್ನ ತಮ್ಮ ಮಂಡಿಯೂರಿ, ಬಿದ್ದ ಪ್ರಯಾಣಿಕರನ್ನು ಒಬ್ಬೊಬ್ಬರನ್ನೇ ಎತ್ತಿ ಹಸಿರು ಬಟ್ಟೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. ನಾವು ಯಜಮಾನರ ಹಿಂದೆಯೇ ಒಳಗೆ ಹೋದೆವು.

“ತಪ್ಪಾಯ್ತು ಸಾರ್. ಎಲ್ಲಾ ಎತ್ತಿಡ್ತೀನಿ. ಸಂಜೆ ಒಳಗೆ ಸ್ಟೂಲನ್ನೂ ಗೋದಾಮಿಗೆ ಹಾಕ್ತೀನಿ,” ಎಂದ.

ಯಜಮಾನರ ಕಣ್ಣು ಗಾಜಿನಾಚೆಯ ಜನರ ಮೇಲೆ ಇತ್ತು. “ಇದನ್ನ ದಿನಕ್ಕೆ ಎಷ್ಟು ಸಲ ಮಾಡಬಹುದು?” ಎಂದರು.

“ಯಾವುದನ್ನ ಸಾರ್?”

“ಇದನ್ನೇ. ಗುದ್ದಿಸೋದನ್ನ.”

“ಸಾರ್, ಇದು ಅಪಘಾತ.”

“ಹೌದಪ್ಪಾ. ಎಷ್ಟು ಸಲ?”

ಆಟಿಕೆಯ ಹುಡುಗಿ ಅಷ್ಟರಲ್ಲಿ ಓಡಿ ಬಂದಿದ್ದಳು. ಎಂಜಿನ್ನುಗಳನ್ನು ಹಿಂದುಮುಂದು ತಿರುಗಿಸಿ ನೋಡಿ, “ಅಯ್ಯೋ ಲಿಫ್ಟಣ್ಣ, ಎರಡರ ಮುಖ ಬೇರೆಬೇರೆ ಕಡೆ ಇದ್ರೆ ಒಂದು ಹಿಡಿ ಮುಂದೆ ತಳ್ಳಬೇಕು, ಒಂದನ್ನ ಹಿಂದೆ ಎಳೀಬೇಕು, ಆಗ ಒಟ್ಟಿಗೆ ಹೋಗತ್ತೆ,” ಎಂದಳು.

ಅದನ್ನು ಕೇಳಿ ಅವನಿಗೆ ಜೀವ ಬಂದ ಹಾಗಾಯಿತು. ಗಾಡಿಯನ್ನು ಬೇಗಬೇಗ ಕಟ್ಟಿದ. ಜನ ತಾಳ್ಮೆಯಿಂದ ಕಾದರು, ಇನ್ನೊಂದು ಅನಾಹುತಕ್ಕೆ ಕಾಯುವಾಗ ಜನಕ್ಕೆ ತಾಳ್ಮೆ ಇರುತ್ತದೆ. ಒಂದು ಹಿಡಿ ಮುಂದೆ, ಒಂದು ಹಿಡಿ ಹಿಂದೆ. ಗಾಡಿ ಹೊರಟಿತು. ಹೊರಟದ್ದು ಗೊತ್ತಾಗಲಿಲ್ಲ, ಅಷ್ಟು ನಯ. ಎರಡು ಸಲ ಗುಡ್ಡ ಸುತ್ತಿತು, ಸ್ಟೇಷನ್ನಿಗೆ ಬಂತು, ನಿಂತಿತು. ನಿಂತದ್ದೂ ಗೊತ್ತಾಗಲಿಲ್ಲ. ನನ್ನ ತಮ್ಮ ತಲೆ ಎತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು. ಹೊರಗೆ ಜನ ಇರಲಿಲ್ಲ. ಮೊದಲ ಸುತ್ತಿಗೆ ಸೈಕಲ್ಲಿನವನು ಹೋದ, ಎರಡನೆಯದಕ್ಕೆ ಮಿಕ್ಕವರು. ತಾಯಿಯ ಕೈ ಹಿಡಿದ ಆ ಮಗು ಒಂದೇ ನಿಂತಿತ್ತು, ಅದೂ ಅಳುತ್ತಿತ್ತು, ಗುದ್ದಲಿಲ್ಲವೆಂದು.

ಯಜಮಾನರು ಗಾಜಿನಾಚೆ ಒಮ್ಮೆ ಕೈ ತೋರಿಸಿ, “ನಾಳೆ ಹೇಳಿ,” ಎಂದು ಹೋದರು.

ಮನೆಗೆ ಬರುವ ದಾರಿಯುದ್ದಕ್ಕೂ ಅವನದು ಒಂದೇ ಮಾತು. “ನನ್ನ ಕೈಲಾಗಲ್ಲ. ಒಬ್ಬರ ಕಾಲಿಗೂ ಜರ್ಕ್ ಕೊಡದೆ ಇಷ್ಟು ವರ್ಷ ಮಾಡಿದೀನಿ. ಈಗ ಬೇಕುಬೇಕಂತ ಗುದ್ದಿಸು ಅಂದ್ರೆ?”

“ಪ್ಲಾಸ್ಟಿಕ್ ಕಣೋ,” ಎಂದೆ.

“ಗೊತ್ತು ಅಕ್ಕಾ. ಕೂತಿದಾರಲ್ಲ ಒಳಗೆ.”

ಹೆಂಡತಿ ಬೀಗ ತೆಗೆಯುತ್ತ, “ರೀ, ನನ್ನ ಮಾತು ಕೇಳಿ. ಗುದ್ದಿಸಿ. ನೀವು ಅಲ್ಲಿ ಗುದ್ದಿಸದೆ ಇಲ್ಲಿ ಬಂದು ಕೂತ್ರೆ, ಇಲ್ಲಿ ದಿನಾ ಗುದ್ದಾಟ ಆಗತ್ತೆ. ನೋಡಕ್ಕೆ ಜನ ಕೂಡ ಬರಲ್ಲ,” ಎಂದಳು.

ಅವನು ನಡುಮನೆಯ ಬಾಗಿಲ ಪಕ್ಕ ನಿಂತ. ಅವಳು ಯಂತ್ರದ ಮುಂದೆ ಕೂತು ಬಟ್ಟೆ ಎಳೆದುಕೊಂಡಳು, ಬಟ್ಟೆಯ ತುದಿ ಅವನ ಕಾಲಡಿ ಇತ್ತು. ಅವನು ಕಾಲೆತ್ತಿದ. ಇನ್ನೊಂದು ಕಡೆ ಇಟ್ಟ. ಅಲ್ಲೂ ಬಟ್ಟೆ. ಎಲ್ಲಿ ಇಟ್ಟರೂ ಬಟ್ಟೆಯೇ. ಸ್ವಲ್ಪ ಹೊತ್ತು ಒಂಟಿ ಕಾಲಿನಲ್ಲಿ ನಿಂತಿದ್ದು, ಆಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿದ. ಅವನ ತೀರ್ಮಾನ ಅಲ್ಲೇ ಆದದ್ದು ಎಂದು ನನ್ನ ಅಂದಾಜು.

ಬೆಳಿಗ್ಗೆ ಯಜಮಾನರ ಮುಂದೆ ಹೋಗಿ ನಿಂತು ಹೇಳಿದನಂತೆ: “ಗುದ್ದಿಸ್ತೀನಿ ಸಾರ್. ಆದ್ರೆ ಗಾಡಿ ಖಾಲಿ ಇರಬೇಕು. ಪ್ರಯಾಣಿಕರನ್ನ ಇಳಿಸದೆ ನಾನು ಹಿಡಿ ಮುಟ್ಟಲ್ಲ. ಅದಕ್ಕೆ ಒಪ್ಪದೆ ಇದ್ರೆ ಸ್ಟೂಲ್ ಎತ್ತಿಡ್ತೀನಿ.”

ಬೊಂಬೆಗಳ ಪರವಾಗಿ ಇಷ್ಟು ಗಟ್ಟಿಯಾಗಿ ಮಾತಾಡಿದವನು ತನ್ನ ಸಂಬಳದ ಬಗ್ಗೆ ಜೀವನದಲ್ಲಿ ಒಮ್ಮೆಯಾದರೂ ಹೀಗೆ ಮಾತಾಡಿದ್ದರೆ ನಮಗೆ ಎರಡು ಕೋಣೆ ಇರುತ್ತಿತ್ತು. ಇರಲಿ. ಯಜಮಾನರು ತಲೆ ಕೆರೆದುಕೊಂಡು ಒಪ್ಪಿದರಂತೆ.

ಈಗ ಅವನ ಕೆಲಸ ಹೀಗಿದೆ. ಗಾಡಿ ಒಂದು ಸುತ್ತು ನೆಟ್ಟಗೆ ಓಡುತ್ತದೆ. ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಇವನು ಗಾಜಿನ ಕಡೆ ತಿರುಗಿ, ಯಾರಿಗೂ ಕೇಳಿಸದಿದ್ದರೂ, “ಎಲ್ಲರೂ ದಯವಿಟ್ಟು ಇಳೀರಿ,” ಎಂದು ಹೇಳಿ, ಒಬ್ಬೊಬ್ಬರನ್ನೇ ಬೆರಳಲ್ಲಿ ಎತ್ತಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸುತ್ತಾನೆ. ಹೆಂಗಸರು ಮೊದಲು. ಮುದುಕನ ಪೆಟ್ಟಿಗೆಯನ್ನು ಮರೆಯುವುದಿಲ್ಲ. ಹೊರಗೆ ಜನ ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ, ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಎಲ್ಲರೂ ಇಳಿದರೆಂದು ಖಾತ್ರಿಯಾದ ಮೇಲೆ ಎರಡು ಹಿಡಿಯನ್ನೂ ಮುಂದಕ್ಕೆ ತಳ್ಳಿ, ತಾನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ. ಮಿಕ್ಕ ಹೊತ್ತೆಲ್ಲ ಇಟ್ಟಿಗೆ ಆರಿಸಿ ಮತ್ತೆ ಎಂಜಿನ್ನು ಕಟ್ಟುವುದು. ಆಟಿಕೆ ವಿಭಾಗದಲ್ಲಿ ರೈಲಿನ ಪೆಟ್ಟಿಗೆಗಳು ಚೆನ್ನಾಗಿ ಖರ್ಚಾಗುತ್ತಿವೆಯಂತೆ. ಕೊಂಡವರೆಲ್ಲ ಒಂದಲ್ಲ, ಎರಡು ಎಂಜಿನ್ನು ಕೇಳುತ್ತಾರೆ.

ಬೀದಿಯವರು ಸುಮ್ಮನಿರುತ್ತಾರೆಯೇ. ಕೆಳಗಿನ ಬೀಗದವನು, “ಏನ್ ಲಿಫ್ಟಣ್ಣ, ಇವತ್ತು ಎಷ್ಟು ರೈಲು ಕೆಡವಿದ್ರಿ?” ಎಂದು ಕೇಳುತ್ತಾನೆ. ಇವನು ನಿಲ್ಲದೆ, “ರೈಲು ಹೋಯ್ತು ಕಣಪ್ಪಾ, ಜನಕ್ಕೇನೂ ಆಗಿಲ್ಲ,” ಎಂದು ಹೇಳಿಕೊಂಡು ಮೆಟ್ಟಿಲು ಹತ್ತುತ್ತಾನೆ.

ನಿನ್ನೆ ಸಂಜೆ ಹಾಗೇ ಹತ್ತಿ ಬಂದ. ಹೆಂಡತಿ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ನಾನು ಕ್ಲಿಪ್ಪುಗಳನ್ನು ಡಬ್ಬಕ್ಕೆ ಹಾಕುತ್ತಿದ್ದೆ. ಅವಳು ದೊಡ್ಡ ಹೊದಿಕೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದು ಹಿಂದಕ್ಕೆ ಹೋದಳು.

“ಗಟ್ಟಿಯಾಗಿ ಹಿಡ್ಕೊಳ್ರೀ, ನೆಲಕ್ಕೆ ತಾಗತ್ತೆ.”

“ಹಿಡ್ಕೊಂಡಿದೀನಿ. ನೀನು ಬಾ.”

ಇಬ್ಬರೂ ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಿದರು. ಅವಳು ಅವನ ಕೈಯಿಂದ ತುದಿ ತೆಗೆದುಕೊಂಡಳು, ಅವನು ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡ. ಮತ್ತೆ ಹಿಂದಕ್ಕೆ ಹೋದರು, ಮತ್ತೆ ಬಂದರು. ಹೊದಿಕೆ ತಲೆದಿಂಬಿನಷ್ಟಾದಾಗ ಅವಳು ಅದನ್ನು ನನ್ನ ಕೈಗಿಟ್ಟು, ತಂತಿಯ ಮೇಲಿನ ಇನ್ನೊಂದನ್ನು ಎಳೆದಳು.